ಶಾಸನದಲ್ಲಿ ಇಲ್ಲದ ಹೆಸರು

ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವನ್ನು ‘ಕನ್ನಡನಾಡಿನ ಹಳೆಯ ಆಸ್ಪತ್ರೆ’ಗೆ ಸಾಕ್ಷಿ ಅಂತ ಹೇಳೋದು ರೂಢಿ. ಶಾಸ್ತ್ರ ಕಲಿಸುವ ಜಾಗ, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗ ಎಂದು ಅದು ಮಠವನ್ನು ಕೊಂಡಾಡುತ್ತದೆ. ಹೆಮ್ಮೆ ಸರಿ. ಆದರೆ ಆ ಪ್ರಸಿದ್ಧ ಪಟ್ಟಿಯಲ್ಲಿ ರೋಗಿ ಇದ್ದಾನೆ, ಔಷಧ ಇದೆ. ಕಷಾಯ ಕಾಸಿದವರು ಇಲ್ಲ.

ಅದರ ಪಕ್ಕದಲ್ಲಿ, ಇಟಲಿಯ ಬೆನೆಡಿಕ್ಟ್ 6ನೇ ಶತಮಾನದಲ್ಲಿ ತನ್ನ ಸನ್ಯಾಸಿಗಳಿಗೆ ಬರೆದ ನಿಯಮಾವಳಿಯ 36ನೇ ಅಧ್ಯಾಯ ಇಟ್ಟು ಓದಿ. ಅರ್ಧ ಪುಟವೂ ಇಲ್ಲ. ರೋಗಿಗೆ ಬೇರೆ ಕೋಣೆ, ಮುತುವರ್ಜಿಯ ಒಬ್ಬ ಸೇವಕ, ಬೇಕಾದಾಗ ಸ್ನಾನ, ತೀರಾ ನಿತ್ರಾಣನಾದವನಿಗೆ ಉಳಿದವರಿಗೆ ನಿಷಿದ್ಧವಾದ ಮಾಂಸ. ರೋಗಿಗೂ ಒಂದು ಮಾತಿದೆ: ಅತಿಯಾಗಿ ಬೇಡಿ ಸೇವೆ ಮಾಡೋರನ್ನ ಗೋಳು ಹೊಯ್ಕೋಬೇಡ. ಹೊಯ್ಕೊಂಡರೂ ಅವನನ್ನು ಸಹಿಸಬೇಕು. ಆರೈಕೆಯಲ್ಲಿ ಲೋಪವಾದರೆ ಹೊಣೆ ಮಠಾಧಿಪತಿಯದು. ಇದನ್ನು ಬರೆದವನು ರೋಗಿಯ ಪಕ್ಕ ಕೂತು ಬೇಸತ್ತವರನ್ನೂ ಕಂಡಿದ್ದಾನೆ ಅನ್ನಿಸುತ್ತೆ.

ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಶಾಸನ ದಾನವನ್ನು ಮುಂದಿನವರಿಂದ ಕಾಪಾಡಲು ಕೊರೆದದ್ದು. ನಿಯಮಾವಳಿ ಒಳಗಿನವರ ದಿನಚರಿಗೆ ಬರೆದದ್ದು. ಬೆನೆಡಿಕ್ಟನ ಆ ಅಧ್ಯಾಯ ಮಠದೊಳಗಿನ ಸೋದರರ ಮಾತು. ಕೋಡಿಮಠದ ಬಾಗಿಲು ಬೀದಿಯವರಿಗೂ ತೆರೆದಿತ್ತು. ಅದರ ದೊಡ್ಡತನ ಅಲ್ಲಿದೆ. ನನ್ನ ತಕರಾರು ಶಾಸನದ ಮೇಲಲ್ಲ, ಅದನ್ನು ಓದುವ ನಮ್ಮ ಮೇಲೆ. ಹೊಗಳಿಕೆಯನ್ನೇ ನಾವು ವ್ಯವಸ್ಥೆ ಅಂದುಕೊಳ್ತೀವಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ದೊಡ್ಡ ರೋಗ ಬಂದರೆ ಮಿರಜಿಗೆ ಓಡೋದು ಹಳೇ ರೂಢಿ. 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ ಡಾಕ್ಟರ್ ವಿಲಿಯಂ ವಾನ್ಲೆಸ್ ಹೆಸರು ಇವತ್ತೂ ಕಟ್ಟಡದ ಮೇಲಿದೆ. ರಾತ್ರಿ ಪಾಳಿಯಲ್ಲಿ ಮೈ ಒರೆಸಿದ ನರ್ಸಮ್ಮನ ಹೆಸರು ಕೇಳಿ ನೋಡಿ, ಹೇಳೋರು ಸಿಗೋದು ಕಷ್ಟ.

ಈಗ ನಾವು ಬೆಂಗಳೂರು, ಪುಣೆಯಲ್ಲಿ ಕೂತು ಫೋನ್‌ಪೇ ಮಾಡ್ತೀವಿ, ರಿಪೋರ್ಟು ವಾಟ್ಸಾಪಿನಲ್ಲಿ ತರಿಸ್ಕೋತೀವಿ. ಊರಲ್ಲಿ ವೈನಿ ರಾತ್ರಿ ಮೂರು ಸಲ ಏಳ್ತಾಳೆ, ಹಾಸಿಗೆ ಬದಲಿಸ್ತಾಳೆ, ಬೈಸ್ಕೋತಾಳೆ. ‘ಖರ್ಚೆಲ್ಲಾ ಮಗನೇ ನೋಡಿಕೊಂಡ’ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬೀಳುವ ಸಾಲು ನಮ್ಮ ಕಾಲದ ದಾನಶಾಸನ. ವೈನಿಗೆ ನಾಲ್ಕು ದಿನ ರಜೆ ಯಾರು ಕೊಡ್ತಾರೆ, ಆಗ ಹಾಸಿಗೆ ಪಕ್ಕ ಯಾರು ಇರ್ತಾರೆ ಅನ್ನೋದನ್ನು ಬರೆದಿಡೋಕೆ ಅರ್ಧ ಪುಟ ಸಾಕು.