ಒಬ್ಬ ವಕೀಲ, ಇಬ್ಬರು ಕಕ್ಷಿದಾರರು

ಅಮೆರಿಕದಲ್ಲಿ ಎಚ್-1ಬಿ ವೀಸಾಕ್ಕೂ ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೂ, ಅಂದರೆ ಶಾಶ್ವತ ನಿವಾಸದ ಪರವಾನಗಿಗೂ, ಸಾಮಾನ್ಯವಾಗಿ ಅರ್ಜಿ ಸಲ್ಲಿಸುವವನು ಉದ್ಯೋಗದಾತನೇ ಹೊರತು ನೌಕರನಲ್ಲ. ಕಾನೂನಿನ ಪ್ರಕಾರ ನೌಕರನು ಆ ಅರ್ಜಿಯ ಫಲಾನುಭವಿ ಮಾತ್ರ. ಆದರೂ ಫಲಿತಾಂಶ ಇಬ್ಬರನ್ನೂ ತಟ್ಟುವುದರಿಂದ ಒಬ್ಬನೇ ವಕೀಲ ಇಬ್ಬರ ಪರವಾಗಿಯೂ ವಕಾಲತ್ತು ವಹಿಸುವ ರೂಢಿ ಅಲ್ಲಿ ಆಳವಾಗಿ ಬೇರೂರಿದೆ. ಈ ಉಭಯ ಪ್ರಾತಿನಿಧ್ಯ ಸಣ್ಣ ಉದ್ಯಮಗಳಿಗೆ ನಿಜವಾದ ಉಪಕಾರ ಮಾಡಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಇಬ್ಬರ ಹಿತಗಳು ಕವಲೊಡೆಯುವ ಹೊತ್ತಿನಲ್ಲಿ ಅದು ನೌಕರನಿಗೆ ಸಲಹೆ ಹೇಳುವವರೇ ಇಲ್ಲದಂತೆ ಮಾಡುತ್ತದೆ, ಮತ್ತು ಈ ದೋಷಕ್ಕೆ ಯಾವುದೋ ಒಬ್ಬ ವಕೀಲನ ಅಲಕ್ಷ್ಯಕ್ಕಿಂತ ಪದ್ಧತಿಯ ರಚನೆಯೇ ಕಾರಣ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರವೇ ಆಗಿರುವುದರಿಂದ ಈ ಪ್ರಶ್ನೆ ಬೆಂಗಳೂರು, ಮೈಸೂರುಗಳ ಅನೇಕ ಮನೆಗಳಿಗೂ ಸಂಬಂಧಿಸಿದ್ದು.

ಈ ಸೇವೆಯ ಸಾಮರ್ಥ್ಯ ಎದ್ದು ಕಾಣುವುದು ಗ್ರೀನ್ ಕಾರ್ಡಿನ ದಾರಿಯಲ್ಲಿ ಸಣ್ಣ ಉದ್ಯಮ ಎದುರಿಸಬೇಕಾದ ಒಂದು ಪರೀಕ್ಷೆಯಲ್ಲಿ. ಕೆಲಸಕ್ಕೆ ಅರ್ಹ ಸ್ಥಳೀಯರು ಸಿಗಲಿಲ್ಲವೆಂದು ಜಾಹೀರಾತು ಕೊಟ್ಟು ಸಾಬೀತುಪಡಿಸಿ ಕಾರ್ಮಿಕ ಇಲಾಖೆಯ ಪ್ರಮಾಣಪತ್ರ ಪಡೆದ ಮೇಲೂ, ಆ ಅರ್ಜಿ ಇಲಾಖೆಗೆ ತಲುಪಿದ ದಿನದಿಂದ ನೌಕರನಿಗೆ ಗ್ರೀನ್ ಕಾರ್ಡ್ ಸಿಗುವವರೆಗೂ ಘೋಷಿತ ಸಂಬಳ ಕೊಡುವ ಶಕ್ತಿ ತನಗಿದೆಯೆಂದು ಉದ್ಯೋಗದಾತ ತೋರಿಸಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಾದರೆ ಹಣಕಾಸು ಅಧಿಕಾರಿಯ ಒಂದು ಹೇಳಿಕೆಯನ್ನೇ ಪುರಾವೆಯಾಗಿ ಸ್ವೀಕರಿಸಬಹುದು. ಹತ್ತು ಮಂದಿಯ ಉದ್ಯಮವಾದರೆ ತೆರಿಗೆ ರಿಟರ್ನಿನ ನಿವ್ವಳ ಆದಾಯವನ್ನು ವಲಸೆ ಅಧಿಕಾರಿ ಮುಖ್ಯವಾಗಿ ನೋಡುತ್ತಾನೆ. ಇಲ್ಲಿ ಒಂದು ವಿಚಿತ್ರ ಸಂಘರ್ಷವಿದೆ: ತೆರಿಗೆ ಹಗುರವಾಗಲೆಂದು ಲೆಕ್ಕಪತ್ರ ನೋಡುವವನು ಸವಕಳಿಯನ್ನೂ ಖರ್ಚುಗಳನ್ನೂ ಕಾನೂನುಬದ್ಧವಾಗಿಯೇ ಕಳೆದು ಲಾಭವನ್ನು ಇಳಿಸಿರುತ್ತಾನೆ, ಅದೇ ಕಾಗದ ವಲಸೆ ಅಧಿಕಾರಿಯ ಮೇಜಿಗೆ ಬಂದಾಗ ಉದ್ಯಮಕ್ಕೆ ಸಂಬಳ ಕೊಡುವ ಯೋಗ್ಯತೆಯಿಲ್ಲ ಎಂದು ನುಡಿಯುತ್ತದೆ. ಜಾಹೀರಾತಿಗೆ ಮೊದಲೇ ಲೆಕ್ಕಿಗನನ್ನೂ ಮಾಲೀಕನನ್ನೂ ಒಟ್ಟಿಗೆ ಕೂರಿಸಿ ಮಾತನಾಡುವ ವಕೀಲನಿಗೂ, ಅರ್ಜಿ ಸಿದ್ಧವಾದ ಮೇಲೆ ರಿಟರ್ನ್ ತರಿಸಿಕೊಳ್ಳುವ ವಕೀಲನಿಗೂ ಇರುವ ಅಂತರ ಈ ವೃತ್ತಿಯ ಯೋಗ್ಯತೆಯನ್ನು ಅಳೆಯಲು ಸಾಕು.

ಲಾಭ ಕಡಿಮೆಯಿದ್ದರೂ ವಾದಕ್ಕೆ ಅವಕಾಶವಿದೆ ಎಂಬುದನ್ನು 1967ರ ಸೊನೆಗಾವ ನಿರ್ಣಯ ತೋರಿಸಿಕೊಟ್ಟಿತು. ಆ ಪ್ರಕರಣದ ಅರ್ಜಿದಾರಳಾದ ವಸ್ತ್ರವಿನ್ಯಾಸಕಿ ಆ ವರ್ಷ ಅಂಗಡಿಯನ್ನು ಬೇರೆಡೆಗೆ ಸ್ಥಳಾಂತರಿಸುತ್ತ ಕೆಲವು ತಿಂಗಳು ಎರಡೂ ಜಾಗಗಳಿಗೆ ಬಾಡಿಗೆ ಕಟ್ಟಿದ್ದಳು. ಲಾಭ ಕುಸಿದದ್ದು ಆ ಕಾರಣಕ್ಕೆಂದೂ, ಆಕೆಯ ಹೆಸರು, ಗಿರಾಕಿಗಳು, ಹಿಂದಿನ ವರ್ಷಗಳ ವಹಿವಾಟು ಎಲ್ಲವನ್ನೂ ಸೇರಿಸಿ ನೋಡಬೇಕೆಂದೂ ನಿರ್ಣಯವಾಯಿತು. ಸಣ್ಣ ಉದ್ಯಮದ ಕಥೆಯನ್ನು ಅಂಕಿಗಳಾಚೆ ಹೇಳಲು ಬಲ್ಲ ವಕೀಲನಿಗೆ ಇಂದಿಗೂ ಅದು ಆಸರೆ, ಮತ್ತು ಇಂಥ ಬರವಣಿಗೆ ನಿಜಕ್ಕೂ ಗೌರವಕ್ಕೆ ಅರ್ಹವಾದ ಕಸುಬು.

ಆದರೆ ಇದೇ ಕಸುಬು ನೌಕರನ ಪಾಲಿಗೆ ಬೇರೆಯಾಗಿ ಕಾಣುತ್ತದೆ. ಕಾರ್ಮಿಕ ಪ್ರಮಾಣಪತ್ರದ ಹಂತದ ವಕೀಲಿ ಶುಲ್ಕವನ್ನು ನೌಕರನ ಮೇಲೆ ಹೊರಿಸುವುದನ್ನು 2007ರ ನಿಯಮ ನಿಷೇಧಿಸಿದೆ. ಸಾಲ ಮಾಡಿ ಕೆಲಸ ಕೊಂಡುಕೊಳ್ಳುವ ಸ್ಥಿತಿ ಬರಬಾರದೆಂಬ ಆ ಉದ್ದೇಶ ಒಳ್ಳೆಯದೇ. ಅದರ ಜೊತೆಗೇ ಬಂದ ಪರಿಣಾಮವೆಂದರೆ, ಹಣ ಕೊಡುವವನೂ ಮುಂದಿನ ಅರ್ಜಿಗಳನ್ನು ತರುವವನೂ ಉದ್ಯೋಗದಾತನೇ ಆಗಿ, ಮಾತು ಕೂಡ ಅವನೊಂದಿಗೇ ನಡೆಯುವುದು. ಪ್ರತಿ ಅರ್ಜಿಗೂ ಇಡುಗಂಟಾಗಿ ನಿಗದಿಯಾದ ಶುಲ್ಕದಲ್ಲಿ ನೌಕರನ ಪ್ರಶ್ನೆಗಳಿಗೆ ಮೀಸಲಾದ ಸಮಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿಂದಾಗಿ ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಹಿಂದುಳಿದಿದೆ. ಇಷ್ಟು ದೀರ್ಘವಾಗಿ ಕಾಯುವವನಿಗೆ ಒಂದು ರಕ್ಷಣೆಯಿದೆ: ಉದ್ಯೋಗದಾತನ ವಲಸೆ ಅರ್ಜಿ ಮಂಜೂರಾಗಿ 180 ದಿನ ಕಳೆದ ಮೇಲೆ ಅವನು ಅದನ್ನು ಹಿಂತೆಗೆದುಕೊಂಡರೂ ಆ ಮಂಜೂರಾತಿ ರದ್ದಾಗದು, ನೌಕರನ ಸರದಿಯ ದಿನಾಂಕವೂ ಅವನಿಗೇ ಉಳಿಯುತ್ತದೆ. 2017ರಿಂದ ಜಾರಿಯಲ್ಲಿರುವ ಈ ರಕ್ಷಣೆಯನ್ನು ನೌಕರನಿಗೆ ವಿವರಿಸುವುದೆಂದರೆ ಅವನು ಕೆಲಸ ಬಿಡಲು ಯಾವಾಗ ಅನುಕೂಲವೆಂದು ಹೇಳಿದಂತೆಯೇ. ಇಬ್ಬರ ವಕೀಲನೂ ಒಬ್ಬನೇ ಆಗಿರುವಾಗ ಆ ಮಾತು ಯಾರ ಬಾಯಿಂದ ಬರಬೇಕು? ಮಂಜೂರಾತಿ ಪತ್ರದ ಪ್ರತಿಯೂ ಉದ್ಯೋಗದಾತನ ಕಡತದಲ್ಲೇ ಉಳಿದು ನೌಕರನ ಕೈಸೇರದ ಉದಾಹರಣೆಗಳು ಅಪರೂಪವಲ್ಲ. ಕೆಲಸ ಹೋದರೆ ಹೊಸ ದಾರಿ ಹುಡುಕಲು ಎಚ್-1ಬಿ ನೌಕರನಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅದೇ ವೇಳೆಗೆ, ವಜಾ ಮಾಡಿದವನ ಪರವಾಗಿಯೂ ನಿಂತಿರುವ ವಕೀಲ ಹಿತಸಂಘರ್ಷದ ನಿಯಮಕ್ಕೆ ಬದ್ಧನಾಗಿ ಹಿಂದೆ ಸರಿಯಬೇಕಾಗುತ್ತದೆ.

ಉದ್ಯೋಗದಾತನ ಬೆಂಬಲವಿಲ್ಲದ ವ್ಯಕ್ತಿಯ ಸ್ಥಿತಿ ಇದಕ್ಕಿಂತ ಕಠೋರ. ಗಡೀಪಾರಿನ ವಿಚಾರಣೆಯಲ್ಲಿ ವಕೀಲನನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲವೆಂದು ಕಾನೂನೇ ಹೇಳುತ್ತದೆ. 2007ರಿಂದ 2012ರವರೆಗಿನ ಪ್ರಕರಣಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಇಂಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ ಅವರ ಅಧ್ಯಯನದಲ್ಲಿ ವಕೀಲರಿದ್ದವರು ಶೇಕಡಾ 37, ಬಂಧನದಲ್ಲಿದ್ದವರ ಪೈಕಿ ಶೇಕಡಾ 14 ಮಾತ್ರ. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಗಳ ಪ್ರತಿನಿಧಿಗಳು ವಕೀಲರಲ್ಲದಿದ್ದರೂ ಇಂಥವರ ಪರ ನಿಲ್ಲಬಹುದೆಂಬುದು ಈ ವ್ಯವಸ್ಥೆಯ ಅತ್ಯಂತ ಮಾನವೀಯ ಅಂಶ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಹಾಗೆಂದು ಉಭಯ ಪ್ರಾತಿನಿಧ್ಯವನ್ನು ನಿಷೇಧಿಸುವುದು ಪರಿಹಾರವಲ್ಲ; ನಿಷೇಧಿಸಿದರೆ ಸಣ್ಣ ಉದ್ಯಮ ಎರಡು ಶುಲ್ಕ ಭರಿಸಲಾರದೆ ನೇಮಕವನ್ನೇ ಕೈಬಿಟ್ಟೀತು. ನೌಕರನು ತನ್ನ ಹಿತಕ್ಕಾಗಿ ಪ್ರತ್ಯೇಕ ವಕೀಲನಿಗೆ ತಾನೇ ಹಣ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದ್ದರಿಂದ ಆರಂಭದಲ್ಲೊಮ್ಮೆ, ಕೆಲಸ ಬದಲಾಗುವಾಗ ಇನ್ನೊಮ್ಮೆ ಅಂಥ ಸಲಹೆ ಪಡೆಯಿರೆಂದು ಒಪ್ಪಂದದಲ್ಲೇ ಬರೆದುಕೊಡುವುದು ಜಂಟಿ ವಕೀಲನ ಕನಿಷ್ಠ ಕರ್ತವ್ಯವಾಗಬೇಕು. 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಘೋಷಣೆ ಹೊರದೇಶದಲ್ಲಿರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ವಿಧಿಸಿದ ಮೇಲೆ ಇದರ ತುರ್ತು ಹೆಚ್ಚಿದೆ. ಅಷ್ಟು ಹಣ ತೆರಲಾಗದ ಸಣ್ಣ ಸಂಸ್ಥೆಗಳು ಅಮೆರಿಕದಲ್ಲೇ ಓದು ಮುಗಿಸಿದ ವಿದ್ಯಾರ್ಥಿಗಳತ್ತ ತಿರುಗುವುದು ಸಹಜ, ಏಕೆಂದರೆ ದೇಶದೊಳಗಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೆ ಆ ಮೊತ್ತ ಅನ್ವಯಿಸುವುದಿಲ್ಲ. ಆದರೆ ಅರ್ಜಿ ಇತ್ಯರ್ಥವಾಗುವ ಮೊದಲೇ ವಿದ್ಯಾರ್ಥಿ ದೇಶ ಬಿಟ್ಟರೆ ಆ ವಿನಾಯಿತಿ ತಪ್ಪುತ್ತದೆ. ತಾಯಿಯ ಕಾಯಿಲೆಯ ಸುದ್ದಿ ಕೇಳಿ ಹುಬ್ಬಳ್ಳಿಗೆ ಹೊರಡಬೇಕೆನ್ನುವ ಹುಡುಗಿ, ಹೊರಟರೆ ಉದ್ಯಮ ನಿಭಾಯಿಸಲಾಗದ ಹೊರೆ ಹೊರಬೇಕಾದೀತೆಂದು ಅಂಜುವ ಮಾಲೀಕ, ಇಬ್ಬರೂ ದೂರವಾಣಿ ಮಾಡುವುದು ಒಂದೇ ಕಚೇರಿಗೆ; ಆ ಕಚೇರಿಯಲ್ಲಿ ಹುಡುಗಿಗೆ ಕೊಡಲು ಬೇರೊಬ್ಬ ವಕೀಲನ ಹೆಸರು ಆ ಕರೆಗೆ ಮೊದಲೇ ಸಿದ್ಧವಾಗಿರಬೇಕು.