ಎಲ್ಬೆ ನದಿಯ ದೋಣಿ

ಜರ್ಮನ್ ಚಿತ್ರಕಾರ ಲುಡ್ವಿಗ್ ರಿಕ್ಟರ್ (1803–1884) ಡ್ರೆಸ್ಡೆನ್ ನಗರದ ತಾಮ್ರಪಟ ಕೆತ್ತನೆಗಾರನೊಬ್ಬನ ಮಗ. ಪ್ರಕಾಶಕರೊಬ್ಬರ ಧನಸಹಾಯದಿಂದ 1823ರಲ್ಲಿ ಇಟಲಿಗೆ ಹೋಗಿ ಮೂರು ವರ್ಷ ಅಭ್ಯಾಸ ಮಾಡಿದ. 1828ರಿಂದ ಏಳು ವರ್ಷ ಮೈಸೆನ್ ಪಿಂಗಾಣಿ ಕಾರ್ಖಾನೆಯ ಚಿತ್ರಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಸಂಬಳ ಅಲ್ಪ, ಮನಸ್ಸೆಲ್ಲ ಇಟಲಿಯ ಮೇಲೆ. ತನ್ನ ನಾಡಿನಲ್ಲಿದ್ದೇ ಪರದೇಶಿಯಾಗಿದ್ದ ಎನ್ನಬೇಕು.

ಮತ್ತೆ ಇಟಲಿಗೆ ಹೋಗುವುದು ಕೈಗೂಡಲಿಲ್ಲ. 1834ರಲ್ಲಿ ನೆರೆಯ ಬೊಹಿಮಿಯಾದಲ್ಲಿ ಎಲ್ಬೆ ನದಿಯ ದಂಡೆ ಹಿಡಿದು ಸುತ್ತಾಡಿದ. ಆಗ ಅವನ ಕಣ್ಣು ತೆರೆಯಿತು. 1837ರ ‘ಶ್ರೆಕನ್‌ಸ್ಟೈನ್ ಬಳಿ ನದಿ ದಾಟುವಿಕೆ’ ಅದರ ಫಲ. ಸಂಜೆಯ ಹೊತ್ತು, ಒಂದೇ ದೋಣಿ. ಅದರಲ್ಲಿ ಹಾರ್ಪ್ ನುಡಿಸುವ ಮುದುಕ, ಯುವ ಜೋಡಿ, ಪಾಳು ಕೋಟೆಯತ್ತ ತಲೆಯೆತ್ತಿ ನೋಡುವ ಪಯಣಿಗ. ಇಟಲಿಯ ಬೆಟ್ಟಗಳಿಗೆ ಮೀಸಲಿಟ್ಟಿದ್ದ ಅಕ್ಕರೆ ಇಲ್ಲಿ ನೆರೆಹೊರೆಯ ಜನಕ್ಕೆ ಸಂದಿದೆ.

ದೋಷವಿಲ್ಲವೆಂದಲ್ಲ. 1839ರಲ್ಲಿ ಡ್ರೆಸ್ಡೆನ್ನಿಗೆ ಲೈಪ್‌ಜಿಗ್‌ನಿಂದ ರೈಲು ಬಂತು. ರಿಕ್ಟರನ ಮನಸ್ಸು ಮಾತ್ರ ದೋಣಿಯಲ್ಲೇ ಉಳಿಯಿತು. ಮುಂದೆ ಕಥೆಪುಸ್ತಕಗಳಿಗಾಗಿ ಬರೆದ ನೂರಾರು ಮರದಚ್ಚಿನ ಚಿತ್ರಗಳಲ್ಲಿ ಬಡವರ ಮನೆಯೂ ಹಬ್ಬದ ಮನೆಯಂತೆ ಕಾಣುತ್ತದೆ. ಸಿಹಿ ಹೆಚ್ಚಾಯಿತು. ಆದರೂ ಆ ದೋಣಿಯ ಚಿತ್ರದಲ್ಲಿ ಸಿಹಿಯ ಜತೆಗೆ ಮುಪ್ಪಿದೆ, ಕತ್ತಲಾಗುವ ಭಯವಿದೆ. ಅದಕ್ಕೇ ಅದು ಅವನ ಮೇಲುಕೃತಿ.