ಹೆಣ್ಣು–ಗಂಡೆಂಬ ಭಾವ: ಕೆಲವು ಲೋಕನಂಬಿಕೆಗಳ ವಿಮರ್ಶೆ

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಂಥ ಊರಿನವರಿಗೆ ಬಸವಕಲ್ಯಾಣವೆಂಬುದು ಕೇವಲ ಚರಿತ್ರೆಯ ಹೆಸರಲ್ಲ, ನೆರೆಯ ಊರು. ಆದುದರಿಂದ ಈ ಭಾಗದಲ್ಲಿ ಹೆಣ್ಣು–ಗಂಡೆಂಬ ಭೇದದ ವಿಚಾರ ಬಂದೊಡನೆ ವಚನಗಳು ನೆನಪಿಗೆ ಬರುವುದು ಸಹಜವಾಗಿದೆ. ಶರಣರು ಎಂದೋ ಈ ಪ್ರಶ್ನೆಗೆ ಉತ್ತರ ಹೇಳಿಬಿಟ್ಟಿದ್ದಾರೆಂಬ ಮಾತನ್ನು ನಾವು ತರಗತಿಗಳಲ್ಲಿಯೂ ಸಭೆಗಳಲ್ಲಿಯೂ ಆಡುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜ? ಗಂಡೆಂದು ಹುಟ್ಟಿಸಿಕೊಂಡವರು ತಾವು ಹೆಣ್ಣೆಂದೋ, ಹೆಣ್ಣೆಂದು ಬೆಳೆಸಲ್ಪಟ್ಟವರು ತಾವು ಗಂಡೆಂದೋ ಹೇಳಿದಾಗ ನಮ್ಮ ಜನ ಅದಕ್ಕೆ ಯಾವ ಕಾರಣ ಹೇಳುತ್ತ ಬಂದಿದ್ದಾರೆ, ಯಾವ ಪರಿಹಾರ ಸೂಚಿಸುತ್ತ ಬಂದಿದ್ದಾರೆ? ಇವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಪದದ ಮಾತು. ದೇಹವನ್ನು ನೋಡಿ ಲೋಕವು ಗೊತ್ತುಮಾಡಿದ ಲಿಂಗಕ್ಕೂ ತನ್ನನ್ನು ತಾನು ಅರಿತುಕೊಂಡ ಬಗೆಗೂ ಹೊಂದಿಕೆಯಾಗದೆ ಉಂಟಾಗುವ ಸಂಕಟಕ್ಕೆ ವೈದ್ಯಶಾಸ್ತ್ರದಲ್ಲಿ ಜೆಂಡರ್ ಡಿಸ್ಫೋರಿಯಾ ಎಂದು ಹೆಸರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು 'ವಿಕಾರ' ಎಂಬ ಪದವನ್ನು ಕೈಬಿಟ್ಟು ಈ ಹೆಸರನ್ನು ಸ್ವೀಕರಿಸಿತು. ಇಲ್ಲಿ ಹೆಸರು ಬಿದ್ದಿರುವುದು ಸಂಕಟಕ್ಕೆ, ವ್ಯಕ್ತಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿ 1ರಿಂದ ಜಾರಿಗೆ ಬಂದ ರೋಗವರ್ಗೀಕರಣದಲ್ಲಿ ಈ ಅಸಾಂಗತ್ಯವನ್ನು ಮನೋರೋಗಗಳ ಅಧ್ಯಾಯದಿಂದಲೇ ಹೊರತೆಗೆಯಲಾಯಿತು. ಇದಕ್ಕೆ ಇಂಥದೇ ಏಕೈಕ ಕಾರಣವೆಂದು ವಿಜ್ಞಾನ ನಿರ್ಣಯಿಸಿಲ್ಲ. ಲೋಕಕ್ಕಾದರೋ ಕಾರಣಗಳ ಬಡತನವೆಂದೂ ಇರಲಿಲ್ಲ.

ಅತ್ಯಂತ ಹಳೆಯ ವಿವರಣೆಗಳು ಭಾರತಕಥೆಯಲ್ಲಿವೆ. ಬೃಹನ್ನಳೆಯದು ಶಾಪ, ಶಿಖಂಡಿಯದು ಪೂರ್ವಜನ್ಮದ ಅಂಬೆಯ ಹಟ. ಬೃಹನ್ನಳೆಯ ಶಾಪ ಒಂದು ವರ್ಷದಲ್ಲಿ ತೀರುತ್ತದೆ. ಅರ್ಜುನ ಅರ್ಜುನನಾಗಿಯೇ ಮರಳುತ್ತಾನೆ. ಇದು ತಾತ್ಕಾಲಿಕವಾದದ್ದು, ಕಾದರೆ ಕಳೆಯುತ್ತದೆ ಎಂಬ ನಂಬಿಕೆಗೆ ಈ ಕಥೆ ಒತ್ತಾಸೆಯಾಗಿದೆ. ಶಿಖಂಡಿಯ ಕಥೆ ಇದಕ್ಕಿಂತ ಗಂಭೀರವಾದುದು. ಮಗನೆಂದು ಬೆಳೆಸಿದ ಮಗುವಿಗೆ ದ್ರುಪದನು ಮದುವೆ ಮಾಡುತ್ತಾನೆ. ಮದುವೆಯಿಂದ ತೊಡಕು ಬಿಡಿಸಿಕೊಳ್ಳುವುದಿಲ್ಲ, ಯುದ್ಧದ ಭೀತಿಯೇ ಎದುರಾಗುತ್ತದೆ. ನೊಂದ ಶಿಖಂಡಿ ಪ್ರಾಣ ಬಿಡಲು ಕಾಡಿಗೆ ಹೋದಾಗ ಕೈಹಿಡಿಯುವವನು ಒಬ್ಬ ಯಕ್ಷ. 'ಮದುವೆಯಾದರೆ ಎಲ್ಲ ಸರಿಹೋಗುತ್ತದೆ' ಎನ್ನುವ ಹಿರಿಯರು ಉದ್ಯೋಗಪರ್ವದ ಈ ಭಾಗವನ್ನು ಮತ್ತೊಮ್ಮೆ ಓದಬೇಕು.

ಉತ್ತರ ಕರ್ನಾಟಕದ ಜೀವಂತ ನಂಬಿಕೆ ದೇವಿಯದು. ಸವದತ್ತಿಯ ಎಲ್ಲಮ್ಮನೋ ಹುಲಿಗಿಯ ಹುಲಿಗೆಮ್ಮನೋ ಹುಡುಗನನ್ನು ಹಿಡಿದಳೆಂಬುದು ಕಾರಣ. ತಲೆಯ ಜಡೆ, ವಾಸಿಯಾಗದ ಬೇನೆ, ಹೆಣ್ಣಿನ ನಡೆನುಡಿ ಇವು ಕುರುಹು. ಮುತ್ತು ಕಟ್ಟಿಸಿ ಸೀರೆಯುಡಿಸಿ ಜೋಗಪ್ಪನಾಗಿಸುವುದು ಪರಿಹಾರ. ಈ ನಂಬಿಕೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ವಿಮರ್ಶೆಯಾಗಲಾರದು. ಮನೆಯವರ ಕೋಪವನ್ನು ದೇವಿಯ ಭಯ ತಡೆಯಿತು. ಊರಿನಲ್ಲಿ ಒಂದು ಸ್ಥಾನವನ್ನೂ ಹಾಡು–ಕುಣಿತದ ಒಂದು ಕಲೆಯನ್ನೂ ಅದು ಕೊಟ್ಟಿತು. ಆದರೆ ಸ್ಥಾನ ಸಿಕ್ಕಿದ್ದು ದೇವಿಯ ಇಚ್ಛೆಗೆ, ವ್ಯಕ್ತಿಯ ಮಾತಿಗಲ್ಲ. ದೇವಿಯ ಹೆಸರು ಹೇಳದೆ 'ನಾನು ಹೆಣ್ಣು' ಎಂದವರಿಗೆ ಅದೇ ಊರಿನಲ್ಲಿ ಜಾಗವಿರಲಿಲ್ಲ. ಮುತ್ತು ಕಟ್ಟಿಸಿಕೊಂಡವರಿಗೂ ಜಾಗ ಸಿಕ್ಕಿದ್ದು ಹೆಚ್ಚಾಗಿ ಗುಡಿಯ ಅಂಗಳದಲ್ಲಿ, ತವರಿನ ಪಡಸಾಲೆಯಲ್ಲಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯುಂಟು: ಇಂಥವರು ಹುಟ್ಟುವುದಿಲ್ಲ, ಮಕ್ಕಳನ್ನು ಕದ್ದೊಯ್ದು ಅಂಗಚ್ಛೇದ ಮಾಡಿ ಇಂಥವರನ್ನಾಗಿ ಮಾಡುತ್ತಾರೆಂಬುದು. ಇದು ಬೀದಿಯ ವದಂತಿಯಾಗಿಯಷ್ಟೇ ಉಳಿಯಲಿಲ್ಲ. ಬೀದರ ಜಿಲ್ಲೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನವು ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿನಲ್ಲಿ, ಈ ಶಂಕೆಯನ್ನೇ ಶಾಸನವನ್ನಾಗಿಸಿತು. ಮಕ್ಕಳ ಅಪಹರಣದ ಸಂಶಯವುಳ್ಳವರ ಹೆಸರನ್ನು ದಫ್ತರಿನಲ್ಲಿ ಬರೆದಿಡುವುದಕ್ಕೂ, ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಂಡವರನ್ನು ವಾರಂಟಿಲ್ಲದೆ ಹಿಡಿಯುವುದಕ್ಕೂ ಅದರಲ್ಲಿ ಅವಕಾಶವಿತ್ತು. ತೆಲಂಗಾಣದ ಉಚ್ಚ ನ್ಯಾಯಾಲಯ ಇದನ್ನು ಅಸಂವಿಧಾನಿಕವೆಂದು ರದ್ದುಮಾಡಿದ್ದು 2023ರಲ್ಲಿ. ನಾವು ಕರ್ನಾಟಕದವರು ಇದು ನೆರೆಯ ನಾಡಿನ ಮಾತೆಂದು ಸಮಾಧಾನಪಡುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ವಿಧಿಯನ್ನು ಸೇರಿಸಿದಾಗ ಅದೇ ಶಂಕೆ ಅದೇ ಧಾಟಿಯಲ್ಲಿ ಮರಳಿತು. 2016ರಲ್ಲಿ ಅದನ್ನು ತಿದ್ದಬೇಕಾಯಿತು. ಅಪಹರಣ ಯಾರು ಮಾಡಿದರೂ ಅಪರಾಧವೇ. ಆದರೆ ಒಂದು ಸಮುದಾಯದ ಹುಟ್ಟಿಗೇ ಅಪರಾಧವನ್ನು ಕಾರಣವಾಗಿಸಿದರೆ ಪರಿಹಾರವು ಲಾಠಿಯಲ್ಲದೆ ಬೇರೆಯಾಗುವುದಿಲ್ಲ.

ವಿದ್ಯಾವಂತರ ನಂಬಿಕೆ ರೋಗದ್ದು. ತಾಯಿತ, ಹೊಡೆತ, ಬಲವಂತದ ಮದುವೆಗಳ ಸಾಲಿಗೆ ಔಷಧೋಪಚಾರದ ಹೆಸರಿನಲ್ಲಿ ಮನಸ್ಸನ್ನು 'ತಿರುಗಿಸುವ' ಪ್ರಯತ್ನವೂ ಸೇರಿತು. 2021ರ ಜೂನ್ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯ ಇಂಥ ಪ್ರಯತ್ನಗಳನ್ನು ನಿಷೇಧಿಸಲು ಆದೇಶಿಸಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದನ್ನು ವೃತ್ತಿದುರ್ನಡತೆಯೆಂದು ಸಾರಿತು. ವೈದ್ಯರ ಇಂದಿನ ಕೆಲಸ ಸಂಕಟವನ್ನು ತಗ್ಗಿಸುವುದು: ಆಪ್ತಸಲಹೆ, ಬಯಸಿದವರಿಗೆ ಯುಕ್ತ ಪರೀಕ್ಷೆಯ ಬಳಿಕ ಹಾರ್ಮೋನು, ಕೆಲವರಿಗೆ ಶಸ್ತ್ರಚಿಕಿತ್ಸೆ. ಎಲ್ಲರಿಗೂ ಎಲ್ಲವೂ ಬೇಕಾಗುವುದಿಲ್ಲ.

ಹೀಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶಾಪವಾದರೆ ಕಾಯುವುದು, ದೇವಿಯಾದರೆ ಅರ್ಪಿಸುವುದು, ಅಪಹರಣವಾದರೆ ಬಂಧಿಸುವುದು, ರೋಗವಾದರೆ ತಿರುಗಿಸುವುದು. ಪ್ರತಿಯೊಂದು ಕಾರಣವೂ ತನ್ನ ಪರಿಹಾರವನ್ನು ಗರ್ಭದಲ್ಲಿಟ್ಟುಕೊಂಡೇ ಹುಟ್ಟಿದೆ. ಯಾವುದರಲ್ಲಿಯೂ ಆ ವ್ಯಕ್ತಿಯ ಮಾತನ್ನು ಪ್ರಮಾಣವೆಂದು ಸ್ವೀಕರಿಸಿಲ್ಲ.

ಇನ್ನು ವಚನಗಳು. ಜೇಡರ ದಾಸಿಮಯ್ಯ, ಗೊಗ್ಗವ್ವೆ ಇಬ್ಬರೂ ದೇಹದ ಕುರುಹುಗಳನ್ನು ಕಂಡು ಲೋಕವು ಹೆಸರಿಡುವುದನ್ನು ಪ್ರಶ್ನಿಸಿದ್ದಾರೆ. ಕುರುಹು ದೇಹದ್ದು, ಒಳಗಿನ ಆತ್ಮಕ್ಕೆ, ಅರಿವಿಗೆ ಆ ಹೆಸರುಗಳು ಸಲ್ಲವೆಂಬುದು ಅಲ್ಲಿನ ಅಭಿಪ್ರಾಯ. ಶರಣ ಸತಿ, ಲಿಂಗ ಪತಿ ಎಂಬ ಭಾವವೂ ಇದರ ಸಮೀಪದ್ದೇ. ಇವುಗಳ ಧೈರ್ಯ ದೊಡ್ಡದು. ಆದರೆ ಇವು ನಮ್ಮ ಪ್ರಶ್ನೆಗೆ ನೇರ ಉತ್ತರವಲ್ಲ. ವಚನಕಾರರು ಎರಡು ಹೆಸರುಗಳನ್ನೂ ನಿರಾಕರಿಸುತ್ತಾರೆ. ಜೋಗತಿಯಾದರೋ ಒಂದು ಹೆಸರನ್ನು ತನ್ನದೆಂದು ಕೇಳುತ್ತಾಳೆ. ಆತ್ಮಕ್ಕೆ ಲಿಂಗವಿಲ್ಲವೆಂದು ಹೇಳಿ ಸಭೆಯಲ್ಲಿ ಚಪ್ಪಾಳೆ ಪಡೆದವರು, ಮನೆಯ ಮಗ ಸೀರೆಯುಟ್ಟಾಗ ಬಾಗಿಲು ಹಾಕಬಹುದು. ಎರಡಕ್ಕೂ ತಾರ್ಕಿಕವಾದ ವಿರೋಧವೇ ಇಲ್ಲ.

ಈ ಅಂತರವನ್ನು ಪಂಡಿತರಿಗಿಂತ ಮೊದಲು ಗುರುತಿಸಿದ್ದು ಒಂದು ಪುಸ್ತಕದ ಹೆಸರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಆತ್ಮಕಥನಕ್ಕೆ 'ನಡುವೆ ಸುಳಿವ ಹೆಣ್ಣು' ಎಂದು ಹೆಸರು. ವಚನದಲ್ಲಿ ಆತ್ಮವಿದ್ದ ಜಾಗದಲ್ಲಿ ಇಲ್ಲಿ ಹೆಣ್ಣಿದ್ದಾಳೆ. ಒಂದು ಪದದ ಈ ಬದಲಾವಣೆ ದಾಸಿಮಯ್ಯನ ವಿರೋಧವಲ್ಲ. ಆತನ ಮಾತನ್ನು ತತ್ತ್ವದಿಂದ ಬದುಕಿಗೆ ಇಳಿಸಿದ ಭಾಷ್ಯ.

2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಮನ್ನಿಸಿತು. ನಮ್ಮ ತರಗತಿಗಳಲ್ಲಿಯೂ ಅಂಥ ವಿದ್ಯಾರ್ಥಿಗಳು ಕುಳಿತಿರಬಹುದು. ಹಾಜರಿ ಕೂಗುವಾಗ ಅವರು ಕೇಳಲು ಬಯಸುವ ಹೆಸರಿಗೆ ಕಾರಣವನ್ನು ಕೇಳುವ ಮೊದಲು ಆ ಹೆಸರಿನಿಂದ ಕರೆಯುವುದು ಅಧ್ಯಾಪಕರಿಂದ ಸಾಧ್ಯವಾದ ಕೆಲಸ. ಕಲ್ಯಾಣದ ನೆರೆಯವರೆಂಬ ನಮ್ಮ ಅಭಿಮಾನಕ್ಕೆ ಅದಕ್ಕಿಂತ ಕಡಿಮೆಯಾದ ಪರೀಕ್ಷೆ ಸಲ್ಲದು.